ಶಾಂತನೋಟ

ಅವತ್ತು ಮುಂಜಾನೆ ಏಳೂವರೆ ಹೊತ್ತಿಗೆ ಕಾಶವ್ವನ ಕೈಗಳು ನಿಂತುಹೋದವು.

ಇಂದ್ರವ್ವ ಎಂದಿನಂತೆ ಮುಖ ತೊಳೆದು, ಗೂಟಕ್ಕಿದ್ದ ಅಂಗಿ ತೊಟ್ಟು, ಕ್ಯಾಮೆರಾದ ಕನ್ನಡಕ ಏರಿಸಿಕೊಂಡು ಅಡುಗೆಮನೆಗೆ ಬಂದಿದ್ದಳು. ತಂಗಿ ಕಾಶವ್ವ ಒಲೆಯ ಪಕ್ಕ ನಿಂತಿದ್ದಳು. ಅವಳ ಎರಡೂ ಕೈ ಎದೆಯ ಮಟ್ಟಕ್ಕೆ ಎದ್ದು ಗಾಳಿಯಲ್ಲಿ ಹಾಗೇ ಇದ್ದವು. ಮುಖದಲ್ಲಿ ಹುಬ್ಬಿನ ಗಂಟಿಲ್ಲ, ತುಟಿಯ ಸೊಟ್ಟಿಲ್ಲ. ಬಟ್ಟೆ ಅಂಗಡಿಯ ಮುಂದೆ ಸೀರೆ ಉಡಿಸಿ ನಿಲ್ಲಿಸಿದ ಗೊಂಬೆಗೆ ಇರುವಂಥ ಮುಖ. ಲಕ್ವಾ ಹೊಡೆಯಿತು ಎಂದುಕೊಂಡು ಇಂದ್ರವ್ವ ಓಡಿಹೋಗಿ ತಂಗಿಯ ಕೈ ಹಿಡಿದಳು.

ಹಿಡಿದ ಕೈಗಳು ಅಲುಗಾಡುತ್ತಿದ್ದವು. ಬೆಚ್ಚಗಿದ್ದವು, ಹಿಟ್ಟು ಹತ್ತಿದ್ದವು, ಅಕ್ಕನ ಹಿಡಿತದಿಂದ ಬಿಡಿಸಿಕೊಳ್ಳಲು ಎಳೆದಾಡುತ್ತಿದ್ದವು. ಆದರೆ ಕಣ್ಣಿಲ್ಲದ ಇಂದ್ರವ್ವನ ಬೆನ್ನ ಮೇಲೆ ಅಂಗಿ ಬರೆಯುವ ಚಿತ್ರದಲ್ಲಿ ಅವೇ ಕೈಗಳು ಕಲ್ಲಿನಂತೆ ನಿಂತಿದ್ದವು. ಅಂಗೈಗೆ ಒಂದು ಸತ್ಯ, ಬೆನ್ನಿಗೆ ಇನ್ನೊಂದು. ಅಂಗಿ ಕೆಟ್ಟಿತು ಎಂದು ಆಗ ಅವಳಿಗೆ ಗೊತ್ತಾಯಿತು. ಅಂಗಿ ಕೆಟ್ಟಿರಲಿಲ್ಲ. ಅದನ್ನು ಯಾರೋ ಸುಧಾರಿಸಿದ್ದರು.

ಈ ಅಕ್ಕತಂಗಿಯರ ಕಥೆ ಬನಹಟ್ಟಿಯ ಪವರ್‌ಲೂಮ್ ಓಣಿಗೆಲ್ಲ ಗೊತ್ತು. ಇಂದ್ರವ್ವನಿಗೆ ನಲವತ್ತೈದು, ಕಾಶವ್ವನಿಗೆ ಮೂವತ್ತೊಂಬತ್ತು. ಕಾಶವ್ವ ಹುಟ್ಟಿನಿಂದ ಕಿವುಡಿ, ಆದ್ದರಿಂದ ಮಾತೂ ಬಂದಿಲ್ಲ. ಶಾಲೆಯವರು ಸೇರಿಸಿಕೊಳ್ಳಲಿಲ್ಲ, ಅಕ್ಷರ ಕಲಿಸುವವರು ಸಿಗಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಅಕ್ಕನ ಬೆನ್ನು ಹತ್ತಿ ಮಲ್ಲೇಶಪ್ಪ ಸಾವಕಾರರ ಶೆಡ್ಡಿಗೆ ಹೋದವಳು ಅಲ್ಲಿಯೇ ಉಳಿದುಬಿಟ್ಟಳು. ಉಳಿಯಲು ಕಾರಣವಿತ್ತು. ನಲವತ್ತು ಮಗ್ಗ ಒಟ್ಟಿಗೆ ಬಡಿಯುವ ಆ ಶೆಡ್ಡಿನಲ್ಲಿ ಕಿವಿಯಿದ್ದವರಿಗೂ ಏನೂ ಕೇಳುವುದಿಲ್ಲ. ಪಕ್ಕದಲ್ಲೇ ನಿಂತು ಒದರಿದರೂ ಬಾಯಿ ಆಡುವುದು ಕಾಣುತ್ತದೆ, ಅಷ್ಟೇ. ಹಾಗಾಗಿ ಅಲ್ಲಿಯವರೆಲ್ಲ ಕೈ, ಹುಬ್ಬು, ತುಟಿಗಳಲ್ಲೇ ಮಾತಾಡುತ್ತಾರೆ. ಎಳೆ ಹರಿಯಿತು, ನೂಲಿನ ಕಂಡಿಕೆ ತಾ, ಸಾವಕಾರ ಬಂದ, ನಿನ್ನ ಸೊಸೆ ಬಸುರಿಯಂತೆ ಹೌದೇ, ಎಲ್ಲವೂ ಈ ಮೂಲೆಯಿಂದ ಆ ಮೂಲೆಗೆ ಕೈಯಲ್ಲೇ ಹೋಗುತ್ತವೆ. ಹೊರಗೆ ಎಲ್ಲರೂ ಮೂಕಿ ಎಂದು ಕರೆಯುವ ಕಾಶವ್ವ ಶೆಡ್ಡಿನೊಳಗೆ ಕಾಲಿಟ್ಟರೆ ಅವಳನ್ನು ಮೀರಿಸಿ ಮಾತಾಡುವವರು ಯಾರೂ ಇರಲಿಲ್ಲ. ಜಗಳಕ್ಕೆ ನಿಂತರೆ ಗಂಡಸರು ತಾವೇ ಮುಖ ತಿರುಗಿಸಿಕೊಳ್ಳುತ್ತಿದ್ದರು, ನೋಡದಿದ್ದರೆ ಬೈಗುಳ ತಾಗುವುದಿಲ್ಲವಲ್ಲ.

ಮೂವತ್ತೇಳಕ್ಕೆ ಇಂದ್ರವ್ವನ ಕಣ್ಣು ಹೋದವು. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿದೆ, ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದರು. ಮೊದಲೇ ಬರುವುದು ಎಂದರೆ ಯಾವಾಗ ಎಂದು ಅವಳಿಗೆ ಇವತ್ತಿಗೂ ತಿಳಿದಿಲ್ಲ. ನೋವಿಲ್ಲ, ಉರಿಯಿಲ್ಲ, ಅಂಚಿನಿಂದ ಸವೆಯುತ್ತ ಬಂದು ನಡುವಿನದೂ ಒಂದು ದಿನ ಆರಿತು. ಕಣ್ಣು ಹೋದದ್ದಕ್ಕಿಂತ ಹೆಚ್ಚಾಗಿ ಅವಳನ್ನು ಸುಟ್ಟದ್ದು ತಂಗಿಯ ಮಾತು ಹೋದದ್ದು. ಇವಳು ಕೈಯಲ್ಲಿ ಹೇಳಿದರೆ ಅವಳಿಗೆ ತಿಳಿಯುತ್ತಿತ್ತು, ಆದರೆ ಅವಳು ಮರುಮಾತಿಗೆ ಕೈಯೆತ್ತಿದರೆ ಇವಳಿಗೆ ಕಾಣದು. ಅಂಗೈ ಮೇಲೆ ತಟ್ಟಿ, ಗೀರಿ, ಊಟ, ನೀರು, ಬಾ, ಹೋಗು, ಸುಸ್ತು, ಹೀಗೆ ಹತ್ತು ಹನ್ನೆರಡು ಮಾತು ಮಾಡಿಕೊಂಡರು. ಶೆಡ್ಡಿನ ಮಾತು ಅಂಗೈಗೆ ಇಳಿಯುವಂಥದ್ದಲ್ಲ. ಅದರಲ್ಲಿ ಅರ್ಧ ಹುಬ್ಬಿನಲ್ಲಿರುತ್ತದೆ. ಒಂದೇ ಸೂರಿನ ಕೆಳಗೆ ಆರು ವರ್ಷ ಇಬ್ಬರು ಹೆಂಗಸರು ಹನ್ನೆರಡು ಮಾತಿನಲ್ಲಿ ಬಾಳಿದರು ಎಂದರೆ ನೀವೇ ಯೋಚಿಸಿ.

ಆಮೇಲೆ ಧಾರವಾಡದ ಕಂಪನಿಯವರು ಬಂದರು. ಅವರ ಕಾಗದಗಳಲ್ಲಿ ಆ ಯಂತ್ರದ ಹೆಸರು ಸ್ಪರ್ಶಾಕ್ಷಿ. ಓಣಿಯವರು ಇಟ್ಟ ಹೆಸರು ಬೆನ್ನುಗಣ್ಣು. ಮೈಗೆ ಅಂಟುವಂಥ ಒಂದು ತೋಳಿಲ್ಲದ ಅಂಗಿ, ಅದರ ಬೆನ್ನಿನ ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಸಾವಿರದಿನ್ನೂರು ಮೊಳೆಗಳು. ಕನ್ನಡಕದ ಕ್ಯಾಮೆರಾ ಏನು ನೋಡುತ್ತದೋ ಅದನ್ನು ಆ ಮೊಳೆಗಳು ಎದ್ದು ಬಿದ್ದು ಬೆನ್ನ ಮೇಲೆ ಬರೆಯುತ್ತವೆ. ಮೊದಮೊದಲು ಇರುವೆ ಹರಿದಂತೆ ಆಗುತ್ತದೆ. ಬರುಬರುತ್ತ ಮಿದುಳು ಅದಕ್ಕೆ ಒಗ್ಗುತ್ತದೆ. ಕಣ್ಣಿನಿಂದ ಬಂದ ಸುದ್ದಿಯೋ ಬೆನ್ನಿನಿಂದ ಬಂದದ್ದೋ ಎಂದು ಮಿದುಳು ಜಾತಿ ಕೇಳುವುದಿಲ್ಲ ಎಂದು ಅಲ್ಲಿನ ಎಂಜಿನಿಯರ್ ವಿಭಾ ಸವಣೂರ ತಿಳಿಸಿ ಹೇಳಿದ್ದಳು. ಇಪ್ಪತ್ತೆಂಟರ ಹುಡುಗಿ, ಮೆತ್ತಗಿನ ದನಿ, ಕೈ ಹಿಡಿದು ಕುರ್ಚಿಗೆ ಕೂರಿಸುವ ರೀತಿಯಲ್ಲೇ ಒಳ್ಳೆಯವಳು ಎಂದು ಗೊತ್ತಾಗುತ್ತಿತ್ತು.

ಉಳಿದವರಿಗೆ ಆರು ತಿಂಗಳು ಹಿಡಿದದ್ದು ಇಂದ್ರವ್ವನಿಗೆ ನಲವತ್ತು ದಿನದಲ್ಲಿ ಬಂತು. ಕೈಬಾಯಿಗಳ ಮಿಸುಕಾಟವನ್ನು ದೂರದಿಂದಲೇ ಹಿಡಿಯುವ ಅಭ್ಯಾಸ ಶೆಡ್ಡಿನಲ್ಲಿ ಬೆಳೆದವಳಿಗೆ ಮೊದಲೇ ಇತ್ತು. ನಲವತ್ತನೇ ದಿನ ಮಧ್ಯಾಹ್ನ ಚಿತ್ರ ಬೆನ್ನು ಬಿಟ್ಟು ಎದುರಿಗೆ ಬಂದು ನಿಂತಿತು. ಕಪ್ಪು ಬಿಳುಪು, ಒರಟು, ಆದರೂ ಕಾಶವ್ವನೇ. ಕಾಶವ್ವ ಅವತ್ತು ಶೆಡ್ಡಿಗೆ ಹೋಗಲಿಲ್ಲ. ಸಂಜೆಯ ದೀಪ ಹಚ್ಚುವ ತನಕ ಕೈ ಇಳಿಸದೆ ಮಾತಾಡಿದಳು. ಆರು ವರ್ಷದಿಂದ ನೀನು ಮದುವೆ ಮುಂಜಿಗೆಲ್ಲ ಸೀರೆಗೆ ಹೊಂದದ ಕುಪ್ಪಸ ತೊಟ್ಟು ನನ್ನ ಮಾನ ಕಳೆದಿದ್ದೀ ಎಂಬುದೇ ಮೊದಲ ಮಾತು. ಇಂದ್ರವ್ವ ನಕ್ಕು ನಕ್ಕು ಅಂಗಿಯ ಮೊಳೆ ಚುಚ್ಚಿಸಿಕೊಂಡಳು.

ಕಂಪನಿಯವರು ಅವಳ ಫೋಟೋ ತೆಗೆದು ತಮ್ಮ ಕ್ಯಾಲೆಂಡರಿಗೆ ಹಾಕಿಕೊಂಡರು. ಇಂದ್ರವ್ವ ಶೆಡ್ಡಿಗೆ ವಾಪಸು ಹೋಗಿ, ಕಂಡಿಕೆಯ ಬುಟ್ಟಿ ಹೊತ್ತು ಮಗ್ಗದಿಂದ ಮಗ್ಗಕ್ಕೆ ಹಂಚುವ ಕೆಲಸ ಹಿಡಿದಳು. ಒಂದು ವರ್ಷ ಎರಡು ತಿಂಗಳು ಹಾಗೆ ನಡೆಯಿತು. ಆಮೇಲೆ ಆ ಮುಂಜಾನೆ ಬಂತು.

ಸಹಾಯವಾಣಿಗೆ ಫೋನ್ ಮಾಡಿದರೆ ಮೊದಲು ಒಂದು ಯಂತ್ರದ ದನಿ ಅಭಿನಂದನೆ ಹೇಳಿತು. ನಿಮ್ಮ ಸ್ಪರ್ಶಾಕ್ಷಿಗೆ ಇಂದಿನಿಂದ ಶಾಂತನೋಟ ಎಂಬ ಹೊಸ ಸೌಲಭ್ಯ ಬಂದಿದೆ, ಇನ್ನು ಮುಂದೆ ನೋಡುವುದು ಹಿತಕರ ಎಂದಿತು. ನಾಲ್ಕು ಸಲ ಕರೆ ಅಲ್ಲಿಗಿಲ್ಲಿಗೆ ಹಾಯ್ದ ಮೇಲೆ ವಿಭಾ ಸಿಕ್ಕಳು. ಅವಳು ಸಮಾಧಾನದಿಂದ ಬಿಡಿಸಿ ಹೇಳಿದಳು. ಬಹಳ ಜನ ದೂರು ಕೊಟ್ಟಿದ್ದರಂತೆ: ಫ್ಯಾನು ತಿರುಗಿದರೆ, ಗಿಡದ ಎಲೆ ಅಲುಗಿದರೆ ಬೆನ್ನಿಗೆ ಕಚಗುಳಿಯಾಗುತ್ತದೆ, ತಲೆ ಚಿಟ್ಟು ಹಿಡಿಯುತ್ತದೆ ಎಂದು. ಆದ್ದರಿಂದ ಸೆಕೆಂಡಿಗೆ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಅಲುಗುವುದನ್ನೆಲ್ಲ ಯಂತ್ರವೇ ಹಿಡಿದು ನಿಲ್ಲಿಸುತ್ತದೆ. ಮುಖಗಳು ಕಲಸಿದಂತೆ ಕಾಣುತ್ತವೆ ಎಂಬ ದೂರೂ ಇತ್ತು, ಅದಕ್ಕೆ ಈಗ ಎಲ್ಲ ಮುಖಗಳನ್ನೂ ಶುದ್ಧ ಮಾಡಿ ಕೊಡುತ್ತದೆ. ಒಟ್ಟಿನಲ್ಲಿ ಅನಗತ್ಯ ಚಲನೆಯನ್ನು ತೆಗೆದುಹಾಕಿದ್ದೇವೆ ಎಂದಳು.

ಅನಗತ್ಯ ಎಂಬ ಮಾತನ್ನು ಇಂದ್ರವ್ವ ಅಲ್ಲೇ ತಡೆದಳು. ನನ್ನ ತಂಗಿ ಕೈಯಲ್ಲೇ ಮಾತಾಡುತ್ತಾಳೆ, ಅವಳ ಮಾತು ನಿಂತುಹೋಗಿದೆ, ನನಗೆ ಹಳೆಯದನ್ನೇ ಕೊಡಿ ಎಂದು ಕೇಳಿದಳು. ಹಳೆಯ ಚಿತ್ರವನ್ನು ಬಂದ್ ಮಾಡಿದ್ದಾರೆ, ಸರಕಾರದ ಪರವಾನಗಿ ಹೊಸದಕ್ಕೆ ಸಿಕ್ಕಿದೆ, ದೂರನ್ನು ಬರೆದುಕೊಳ್ಳುತ್ತೇನೆ ಎಂದು ವಿಭಾ ಹೇಳಿದಳು. ಬರೆದುಕೊಂಡಳೋ ಇಲ್ಲವೋ, ಫೋನಿನಲ್ಲಿ ಕೀಲಿಗಳ ಟಕಟಕ ಮಾತ್ರ ಕೇಳಿತು.

ಅಲ್ಲ, ಇಷ್ಟೆಲ್ಲ ಬುದ್ಧಿ ಇರುವ ಜನ ಒಂದು ಮಾತು ಕೇಳಬೇಕಿತ್ತೋ ಬೇಡವೋ? ನೋಡುವವರು ಯಾರು, ಏನನ್ನು ನೋಡುತ್ತಾರೆ, ಯಾವುದಿಲ್ಲದಿದ್ದರೆ ಅವರ ಬದುಕು ನಿಲ್ಲುತ್ತದೆ ಎಂದು? ಎರಡು ಸಾವಿರದ ಎಂಟುನೂರು ಜನ ಆ ಅಂಗಿ ತೊಟ್ಟಿದ್ದರು. ಒಬ್ಬರನ್ನೂ ಕೇಳದೆ, ಎಲ್ಲರೂ ಮಲಗಿದ್ದಾಗ ಅವರ ಲೋಕವನ್ನೇ ಬದಲಿಸಿಟ್ಟು, ಬೆಳಗಾದ ಮೇಲೆ ಅಭಿನಂದನೆ ಹೇಳಿದ್ದರು.

ಅಕ್ಕತಂಗಿ ತಮಗೆ ತಿಳಿದ ದಾರಿ ಹುಡುಕಿದರು. ನಿಧಾನ ಆಡಿದರೆ ಕಾಣುತ್ತದೆ ಎಂದು ಇಂದ್ರವ್ವ ಕೈಸನ್ನೆಯಲ್ಲಿ ಹೇಳಿಕೊಟ್ಟಳು. ಕಾಶವ್ವ ಬೆರಳುಗಳನ್ನು ಒಂದೊಂದಾಗಿ ಎತ್ತಿ ಇಳಿಸಿ, ನೀರಿನೊಳಗೆ ಕೈಯಾಡಿಸುವವಳಂತೆ ಮಾತಾಡತೊಡಗಿದಳು. ಅಕ್ಕಿ ತರಬೇಕು ಎನ್ನುವುದಕ್ಕೆ ಅರ್ಧ ನಿಮಿಷ. ಅದೂ ಬಂದು ಮುಟ್ಟುವಾಗ ಸಪ್ಪೆ, ಯಾಕೆಂದರೆ ಮುಖ ಗೊಂಬೆಯದು. ಬಯ್ಯುತ್ತಿದ್ದಾಳೋ ಗೇಲಿ ಮಾಡುತ್ತಿದ್ದಾಳೋ ತಿಳಿಯುವಂತಿಲ್ಲ. ಕಾಶವ್ವ ಜನ್ಮದಲ್ಲಿ ಮೆಲ್ಲಗೆ ಮಾತಾಡಿದವಳಲ್ಲ. ಎರಡು ಮಾತು ನಿಧಾನಕ್ಕೆ ಆಡಿ ಮೂರನೆಯದಕ್ಕೆ ಸೈರಣೆ ತಪ್ಪಿ ಕೈಗಳು ತಮ್ಮ ಓಟಕ್ಕೆ ಬಿದ್ದುಬಿಡುತ್ತಿದ್ದವು. ಆಗ ಇಂದ್ರವ್ವನ ಮುಂದೆ ಮತ್ತೆ ಕಲ್ಲು. ಶೆಡ್ಡಿನ ಹೆಣ್ಣುಮಕ್ಕಳು ಮನೆಗೆ ಬಂದು ನಡುವೆ ನಿಂತು ಇವಳ ಕಿವಿಗೆ ಅವಳ ಮಾತು ದಾಟಿಸಿದರು. ಮಂದಿಯ ಬಾಯಿಂದ ಸುದ್ದಿ ಬರುತ್ತದೆ, ತಂಗಿ ಬರುವುದಿಲ್ಲ. ಒಂದು ವಾರಕ್ಕೆ ಕಾಶವ್ವ ಮಾತು ಕಡಿಮೆ ಮಾಡಿದಳು. ಎರಡನೇ ವಾರಕ್ಕೆ ಮತ್ತೆ ಅಂಗೈ ತಟ್ಟಲು ಶುರುಮಾಡಿದಳು, ಊಟ, ನೀರು, ಬಾ, ಹೋಗು. ಇಂದ್ರವ್ವ ಆ ದಿನ ಅನ್ನದ ತಟ್ಟೆ ಸರಿಸಿ ಎದ್ದುಹೋದಳು.

ಹತ್ತೊಂಬತ್ತನೇ ದಿನ ಶೆಡ್ಡಿನಲ್ಲಿ ಅದು ಆಯಿತು.

ಶಾಂತನೋಟ ಬಂದಂದಿನಿಂದ ಇಂದ್ರವ್ವನಿಗೆ ಓಡುವ ಮಗ್ಗವೂ ನಿಂತ ಮಗ್ಗವೂ ಒಂದೇ ತರ ಕಾಣುತ್ತಿದ್ದವು. ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುವ ವೇಗ ಯಂತ್ರದ ಲೆಕ್ಕದಲ್ಲಿ ಕಚಗುಳಿ. ಸದ್ದಿನ ಮೇಲೆ ತಿಳಿಯೋಣವೆಂದರೆ ನಲವತ್ತು ಮಗ್ಗದ ಸದ್ದಿನಲ್ಲಿ ಒಂದರದ್ದನ್ನು ಹೇಗೆ ಹೆಕ್ಕುವುದು? ಗೋಡೆ ಹಿಡಿದು, ಎಣಿಸಿಕೊಂಡು ನಡೆಯುತ್ತಿದ್ದಳು. ಅವತ್ತು ಮಧ್ಯಾಹ್ನ ಹನ್ನೊಂದನೇ ಮಗ್ಗದ ಪಕ್ಕ ಬುಟ್ಟಿ ಇಳಿಸಿ ಬಗ್ಗಿದಳು. ಆ ಮಗ್ಗದ ಲಾಳಿ ಮುಂಜಾನೆಯಿಂದಲೇ ಸರಿಯಾಗಿ ಕೂರುತ್ತಿರಲಿಲ್ಲ, ಎಳೆಗೆ ಸಿಕ್ಕಿ ಮೇಲೆದ್ದು ಹೊಡೆಯುತ್ತಿತ್ತು. ಎದುರು ಸಾಲಿನಲ್ಲಿದ್ದ ಕಾಶವ್ವ ಅದನ್ನು ಕಂಡಳು. ಸರಿ, ಸರಿ, ಹಿಂದಕ್ಕೆ ಸರಿ ಎಂದು ಎರಡೂ ಕೈ ಬೀಸಿದಳು. ಇಂದ್ರವ್ವ ತಲೆಯೆತ್ತಿ ಅವಳನ್ನೇ ನೋಡಿದಳು. ತಂಗಿ ಕೈಯೆತ್ತಿ ಸುಮ್ಮನೆ ನಿಂತದ್ದು ಕಂಡಿತು. ಮುಖ ಪ್ರಸನ್ನವಾಗಿತ್ತು. ಇವಳೂ ನಕ್ಕು ಕೈಯೆತ್ತಿದಳು.

ಮರುಕ್ಷಣ ಚಿತ್ರದಲ್ಲಿ ಕಾಶವ್ವ ಒಮ್ಮೆಲೆ ದೊಡ್ಡವಳಾದಳು, ಮೈಮೇಲೆ ಬಂದು ಬಿದ್ದಳು, ಇಬ್ಬರೂ ನೆಲಕ್ಕುರುಳಿದರು. ಬಿದ್ದ ಮೇಲೆ ಇಂದ್ರವ್ವನ ಕೆನ್ನೆಗೆ ಬೆಚ್ಚಗೆ ಏನೋ ಹತ್ತಿತು, ಮೂಗಿಗೆ ರಕ್ತದ ವಾಸನೆ ಬಂತು. ಲಾಳಿಯ ಕಬ್ಬಿಣದ ಮೂತಿ ಇಂದ್ರವ್ವನ ತಲೆಗೆ ಬರುವುದರ ಬದಲು ಕಾಶವ್ವನ ಬಲಗೈಗೆ ಬಿದ್ದಿತ್ತು. ತೋರುಬೆರಳು, ನಡುಬೆರಳು ಜಜ್ಜಿಹೋದವು. ಜಮಖಂಡಿಯ ಆಸ್ಪತ್ರೆಯಲ್ಲಿ ಎರಡನ್ನೂ ಅರ್ಧಕ್ಕೆ ತೆಗೆದರು. ಬಾಯಿದ್ದವರಿಗೆ ಎರಡು ಬೆರಳು ಹೋದರೆ ಎರಡು ಬೆರಳು ಹೋದಂತೆ. ಕಾಶವ್ವನಿಗೆ ಅರ್ಧ ನಾಲಿಗೆ ಹೋಯಿತು.

ಮಲ್ಲೇಶಪ್ಪ ಸಾವಕಾರರು ಆಸ್ಪತ್ರೆಗೆ ಬಂದು, ಕುರುಡರನ್ನು ಶೆಡ್ಡಿನೊಳಗೆ ಬಿಟ್ಟದ್ದೇ ನನ್ನ ತಪ್ಪು ಎಂದು ಹೇಳಿ, ಇನ್ನು ಮುಂದೆ ಬರುವುದು ಬೇಡ ಎಂದು ಕೈ ತೊಳೆದುಕೊಂಡು ಹೋದರು. ಸಂಜೆ ಅಂಗಿಯ ಕಾಲರಿನಲ್ಲಿದ್ದ ಸಣ್ಣ ಸ್ಪೀಕರು ಎಂದಿನಂತೆ ದಿನದ ವರದಿ ಓದಿತು. ಇಂದು ನಿಮಗೆ ಯಾವ ವಸ್ತುವೂ ಡಿಕ್ಕಿ ಹೊಡೆದಿಲ್ಲ, ಇಂದು ಸುರಕ್ಷಿತ ದಿನ, ಅಭಿನಂದನೆಗಳು. ಇಂದ್ರವ್ವ ತಂಗಿಯ ಮಂಚದ ಪಕ್ಕ ಕೂತು ಅದನ್ನು ಪೂರ್ತಿ ಕೇಳಿಸಿಕೊಂಡಳು. ಅಳು ಬರಲಿಲ್ಲ, ಸಿಟ್ಟು ಬಂತು, ಆ ಸಿಟ್ಟು ಅವಳಿಗೆ ಅನ್ನ ನೀರು ಎರಡನ್ನೂ ಮರೆಸಿತು.

ಗಾಯದ ಹೊಲಿಗೆ ಬಿಚ್ಚಿದ ಮಾರನೇ ದಿನವೇ ಅಕ್ಕತಂಗಿ ಧಾರವಾಡದ ಬಸ್ಸು ಹತ್ತಿದರು. ಹೇಳಿ ಕೇಳಿ ಹೋಗಲಿಲ್ಲ. ಕಂಪನಿಯ ಗೇಟಿನಲ್ಲಿ ಕಾವಲುಗಾರ, ಒಳಗೆ ಹೋಗಲು ಯಾರ ಒಪ್ಪಿಗೆ ಇದೆ ಎಂದು ತಡೆದ. ಆಮೇಲೆ ತಿರುಗಿ ತನ್ನ ಹಿಂದಿನ ಗೋಡೆಯ ಕ್ಯಾಲೆಂಡರು ನೋಡಿದ, ಮತ್ತೆ ಇವಳ ಮುಖ ನೋಡಿದ, ಏನೂ ಅನ್ನದೆ ಬಾಗಿಲು ತೆಗೆದ.

ವಿಭಾ ಕೆಳಗಿಳಿದು ಬಂದು ಇಬ್ಬರನ್ನೂ ಮೇಲಿನ ಪ್ರಯೋಗಶಾಲೆಗೆ ಕರೆದೊಯ್ದಳು. ಕಾಶವ್ವನ ಕೈಯ ಪಟ್ಟಿ ನೋಡಿ, ಯಂತ್ರದೊಳಗೆ ಉಳಿದಿದ್ದ ಆ ದಿನದ ದಾಖಲೆಯನ್ನು ಕಂಪ್ಯೂಟರಿಗೆ ಹಾಕಿ ನೋಡಿದಳು. ಬಹಳ ಹೊತ್ತು ನೋಡಿದಳು. ಕಾಶವ್ವನವರು ಸೆಕೆಂಡಿಗೆ ಐದು ಸಲ ಕೈ ಬೀಸಿದ್ದಾರೆ, ಅದಕ್ಕೆ ಯಂತ್ರ ನಿಲ್ಲಿಸಿಬಿಟ್ಟಿದೆ, ಸ್ವಲ್ಪ ನಿಧಾನ ಬೀಸಿದ್ದರೆ ಕಾಣಿಸುತ್ತಿತ್ತು ಎಂದಳು. ಹೇಳಿ ಮುಗಿಸುವಷ್ಟರಲ್ಲಿ ತಾನು ಏನು ಹೇಳಿದೆನೆಂದು ಅವಳಿಗೇ ತಿಳಿದಿರಬೇಕು, ಮಾತು ಕೊನೆಗೆ ಸಣ್ಣಗಾಯಿತು.

"ಗಾಬರಿ ಆದಾಕಿ ಮೆಲ್ಲಕ ಕೈ ಬೀಸ್ತಾಳೇನವಾ?" ಎಂದಳು ಇಂದ್ರವ್ವ. "ಅಕ್ಕನ ತಲೀ ಒಡೀತೈತಿ ಅಂದಾಗ ಎಣಿಸಿ ಬೀಸಬೇಕಾಗಿತ್ತಾ ಆಕಿ?"

ವಿಭಾ ತಮ್ಮ ಮುಖ್ಯಸ್ಥ ದೇಸಾಯಿಯವರನ್ನು ಕರೆತರುತ್ತೇನೆ ಎಂದು ಹೋದಳು.

ದೇಸಾಯಿ ಐವತ್ತು ದಾಟಿದ ಮನುಷ್ಯ, ಮಾತಿನಲ್ಲಿ ಒಳ್ಳೆಯ ನಯ. ಆದದ್ದಕ್ಕೆ ವಿಷಾದ ಎಂದರು. ಶಾಂತನೋಟದಿಂದ ಕಚಗುಳಿಯ ದೂರುಗಳು ಹತ್ತರಲ್ಲಿ ಒಂದಕ್ಕೆ ಇಳಿದಿವೆ, ಮುಗ್ಗರಿಸಿ ಬೀಳುವವರು ಕಡಿಮೆಯಾಗಿದ್ದಾರೆ ಎಂದರು. ಕೈಮಾತಿನ ತೊಂದರೆಗೂ ಪರಿಹಾರ ಬರುತ್ತಿದೆ, ಮಾನ್ಯತೆಯಿರುವ ಸಂಜ್ಞಾಭಾಷೆಯನ್ನು ಮುಂದಿನ ವರ್ಷ ಯಂತ್ರಕ್ಕೆ ಕಲಿಸುತ್ತೇವೆ, ನಿಮ್ಮ ತಂಗಿಯವರು ಅದನ್ನು ಕಲಿತರೆ ಯಂತ್ರವೇ ಅದನ್ನು ಗುರುತಿಸಿ ನಿಮ್ಮ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತದೆ ಎಂದರು. ಮೂವತ್ತೊಂಬತ್ತರ ಹೆಂಗಸು, ಇಪ್ಪತ್ತೈದು ವರ್ಷ ಆಡಿದ ಮಾತು ಬಿಟ್ಟು, ಎಂಟು ಬೆರಳಲ್ಲಿ ಹೊಸ ಮಾತು ಕಲಿಯಬೇಕಂತೆ, ಇವರ ಯಂತ್ರಕ್ಕೆ ಅನುಕೂಲವಾಗಲಿ ಎಂದು.

ಈ ಶಾಂತನೋಟವನ್ನು ಜನಕ್ಕೆ ಕೊಡುವ ಮೊದಲು ಯಾರ ಮೇಲೆ ನೋಡಿದಿರಿ ಎಂದು ಇಂದ್ರವ್ವ ಕೇಳಿದಳು. ದೇಸಾಯಿಯವರ ದನಿಯಲ್ಲಿ ಹೆಮ್ಮೆ ಬಂತು. ನಮ್ಮ ಮೇಲೇ ನೋಡಿಕೊಂಡೆವು, ಇಲ್ಲಿ ಪ್ರತಿ ಶನಿವಾರ ಎಲ್ಲರೂ ಎರಡು ತಾಸು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಂಗಿ ತೊಟ್ಟು ಓಡಾಡುತ್ತೇವೆ, ನಾನೂ ಬಿಡುವುದಿಲ್ಲ, ನಿಮ್ಮ ಕಷ್ಟ ನಮಗೆ ಗೊತ್ತಾಗಬೇಕಲ್ಲ ಎಂದರು. ಎರಡು ತಾಸು, ತಣ್ಣಗಿನ ಕೋಣೆ, ಪರಿಚಯದ ಕುರ್ಚಿ ಮೇಜು. ಅಲ್ಲಿ ಯಾರೂ ಯಾರಿಗೂ ಕೈಸನ್ನೆ ಮಾಡುವುದಿಲ್ಲ, ಬಾಯಿದೆಯಲ್ಲ ಎಲ್ಲರಿಗೂ. ಮೊದಲ ಸಲ ತೊಟ್ಟವರಿಗೆ ಕಚಗುಳಿಯಾಗದೆ ಇನ್ನೇನಾಗುತ್ತದೆ? ಆ ಕಚಗುಳಿಯನ್ನೇ ಲೋಕದ ಕಷ್ಟವೆಂದು ತಿಳಿದು ಪರಿಹಾರ ಮಾಡಿ ಕಳಿಸಿದ್ದರು.

"ಹಂಗಾರ ಈಗೊಮ್ಮೆ ತೊಡ್ರಿ," ಎಂದಳು ಇಂದ್ರವ್ವ. ತನ್ನ ಕನ್ನಡಕ ತೆಗೆದಳು. ಸೀರೆಯ ಸೆರಗು ಸರಿಮಾಡಿಕೊಂಡು, ತಂಗಿಯ ತೋಳು ಹಿಡಿದು ಪಕ್ಕದ ಕೋಣೆಗೆ ಹೋಗಿ ಅಂಗಿ ಬಿಚ್ಚಿ ತಂದು ಮೇಜಿನ ಮೇಲಿಟ್ಟಳು. "ನಂದ ತೊಡ್ರಿ. ನಮ್ಮ ತಂಗಿ ನಿಮಗೊಂದೀಟು ಹೇಳೂದೈತಿ."

ದೇಸಾಯಿ ಹಿಂಜರಿದರು. ಕೋಣೆಯಲ್ಲಿ ಆಗಲೇ ಕಂಪನಿಯ ಏಳೆಂಟು ಜನ ಬಂದು ನಿಂತಿದ್ದರು. ಅವರ ಮುಂದೆ ಒಲ್ಲೆ ಎನ್ನುವುದು ಹೇಗೆ? ಅಂಗಿಯನ್ನು ತಮ್ಮ ಮೈಯಳತೆಗೆ ಸಡಿಲಿಸಿಕೊಂಡು ತೊಟ್ಟರು, ಕನ್ನಡಕ ಏರಿಸಿದರು, ವಿಭಾ ಕಣ್ಣಿಗೆ ಕರಿಪಟ್ಟಿ ಕಟ್ಟಿದಳು. ಪ್ರತಿ ಶನಿವಾರದ ಅಭ್ಯಾಸ ಅವರಿಗೆ ಅಷ್ಟಾದರೂ ಕಲಿಸಿತ್ತು, ಎದುರಿಗಿರುವುದು ಮನುಷ್ಯರೋ ಮೇಜೋ ಎಂದು ತಿಳಿಯುತ್ತಿತ್ತು. ಇಂದ್ರವ್ವ ತಂಗಿಯನ್ನು ಅವರ ಎದುರು ನಿಲ್ಲಿಸಿ, ನಿನ್ನ ಕೈಗೆ ಏನು ಬರುತ್ತದೋ ಎಲ್ಲ ಹೇಳಿಬಿಡು ಎಂದು ಸನ್ನೆ ಮಾಡಿದಳು.

ಆಮೇಲೆ ಇಂದ್ರವ್ವನಿಗೆ ಏನೂ ಕಾಣಲಿಲ್ಲ. ಬಳೆಗಳ ಸದ್ದು ಮಾತ್ರ ಕೇಳಿತು. ಮೊದಲು ಬಿಟ್ಟು ಬಿಟ್ಟು ಬಂತು, ಆಮೇಲೆ ಜೋರಾಯಿತು. ಕಾಶವ್ವನ ಗಂಟಲಿನಿಂದ ಆಗಾಗ ಒಂದು ಸ್ವರ ಏಳುತ್ತಿತ್ತು, ಅದು ಹೊರಡುತ್ತದೆಂದು ಅವಳಿಗೆ ಗೊತ್ತೇ ಇಲ್ಲ. ಕಾಲು ನೆಲಕ್ಕೆ ಅಪ್ಪಳಿಸಿತು. ಸುತ್ತ ನಿಂತವರ ಉಸಿರು ಒಬ್ಬೊಬ್ಬರದಾಗಿ ಬದಲಾಗುವುದು ಇಂದ್ರವ್ವನಿಗೆ ಕೇಳುತ್ತಿತ್ತು. ಯಾರೋ ಹೆಣ್ಣುಮಗಳು ಅಳು ತಡೆದು ಮೂಗೆಳೆದುಕೊಂಡಳು. ಒಂದು ಕುರ್ಚಿ ಹಿಂದಕ್ಕೆ ಸರಿಯಿತು.

ಏನು ಕಾಣುತ್ತದೆ ಎಂದು ಇಂದ್ರವ್ವ ದೇಸಾಯಿಯವರನ್ನು ಕೇಳಿದಳು.

"ಒಬ್ಬ ಹೆಣ್ಣುಮಗಳು ನಿಂತಾಳ," ಎಂದರು ಅವರು. ಮತ್ತಷ್ಟು ಗಮನವಿಟ್ಟು ನೋಡಿದರು. "ಸ್ಪಷ್ಟ ಕಾಣಿಸ್ತದ. ಸುಮ್ಮ ನಿಂತಾಳ. ಶಾಂತ ಇದ್ದಾಳ."

ಬಳೆಗಳ ಸದ್ದು ನಿಲ್ಲಲಿಲ್ಲ. ಆ ಸದ್ದು ಕೇಳಿ ದೇಸಾಯಿಯವರಿಗೆ ಅನುಮಾನ ಬಂದಿರಬೇಕು, ಪಟ್ಟಿ ಕಿತ್ತರು. ಎದುರಿಗೆ ಕಾಶವ್ವ ಮೈಯೆಲ್ಲ ಬೆವರಿ, ಕಣ್ಣೀರು ಗದ್ದಕ್ಕಿಳಿದು, ಎಂಟು ಬೆರಳಲ್ಲಿ ಅವರ ಮುಖದ ಮುಂದೆಯೇ ಕೂಗಾಡುತ್ತಿದ್ದಳು. ಬಲಗೈಯ ಪಟ್ಟಿಯಲ್ಲಿ ರಕ್ತ ಜಿನುಗಿತ್ತು. ಅವರು ಒಂದು ಹೆಜ್ಜೆ ಹಿಂದಕ್ಕೆ ಸರಿದು ಮೇಜಿಗೆ ತಾಗಿದರು.

ವಿಭಾಳನ್ನು ಬಿಟ್ಟು ಉಳಿದವರನ್ನು ಹೊರಗೆ ಕಳಿಸಿ, ಅಂಗಿ ಕಳಚಿ ಮೇಜಿನ ಮೇಲಿಟ್ಟು, ನೀರು ಕುಡಿದು, ದೇಸಾಯಿ ದನಿ ತಗ್ಗಿಸಿ ಮಾತಾಡಿದರು. ಇಂದ್ರವ್ವ ತಮ್ಮ ಅತ್ಯುತ್ತಮ ಬಳಕೆದಾರಳು. ಅವಳ ಒಬ್ಬಳ ಅಂಗಿಗೆ ಹಳೆಯ ಚಿತ್ರವನ್ನು ಇವತ್ತೇ, ಈಗಲೇ ತೆರೆದುಕೊಡಬಹುದು. ಪ್ರಯೋಗ ಎಂದು ಕಾಗದದಲ್ಲಿ ತೋರಿಸಿದರೆ ಪರವಾನಗಿಯ ಅಡ್ಡಿ ಬರುವುದಿಲ್ಲ. ಒಂದು ಹೆಬ್ಬೆಟ್ಟು ಸಾಕು. ಆದರೆ ಈ ವಿಷಯ ಹೊರಗೆ ಎಲ್ಲೂ ಆಡಬಾರದು, ಉಳಿದ ಬಳಕೆದಾರರಿಗೆ ಗೊತ್ತಾದರೆ ಎಲ್ಲರೂ ಕೇಳುತ್ತಾರೆ, ಎಲ್ಲರಿಗೂ ತೆರೆದರೆ ಹೊಸ ಪರವಾನಗಿಯೇ ಬಿದ್ದುಹೋಗುತ್ತದೆ.

ಇಂದ್ರವ್ವನಿ‌ಗೆ ಆಸೆಯಾಯಿತು. ಸುಳ್ಳು ಯಾಕೆ ಹೇಳಬೇಕು? ಮಧ್ಯಾಹ್ನದ ಊಟದ ಹೊತ್ತಿಗೆ ಕಾಶವ್ವನ ಹುಬ್ಬು ಕಾಣುತ್ತದೆ, ಬಸ್ಸಿನಲ್ಲಿ ಕೂತು ಬನಹಟ್ಟಿ ಮುಟ್ಟುವವರೆಗೂ ಅವಳ ಬೈಗಳು ತಿನ್ನಬಹುದು. ಎರಡು ಬೆರಳು ಹೋದ ಕೈ ಈಗ ಹೇಗೆ ಮಾತಾಡುತ್ತದೆ ಎಂಬುದನ್ನು ಅವಳಿನ್ನೂ ಕಂಡೇ ಇರಲಿಲ್ಲ. ಅವಳ ಹೆಬ್ಬೆರಳು ಮೇಜಿನ ಮೇಲೆ ತಾನೇ ಮುಂದಕ್ಕೆ ಹೋಯಿತು. ಆಮೇಲೆ ತಡೆದು, ತಂಗಿಯ ಕಡೆಗೆ ತಿರುಗಿ, ಕೇಳಿದ್ದಷ್ಟನ್ನೂ ಕೈಯಲ್ಲಿ ಹೇಳಿ, ಏನು ಮಾಡಲಿ ಎಂದು ಕೇಳಿದಳು. ಬಳೆಗಳು ಸದ್ದು ಮಾಡಿದವು. ಕಾಶವ್ವ ಉತ್ತರ ಕೊಡುತ್ತಿದ್ದಳು. ಅಂಗಿ ಮೇಜಿನ ಮೇಲಿತ್ತು.

"ವಿಭಾ," ಎಂದಳು ಇಂದ್ರವ್ವ. "ಆಕಿ ಕೈ ಏನ ಮಾಡಾಕತ್ಯಾವು, ಹೇಳು ನನಗ."

ತನಗೆ ಆ ಮಾತು ಬರುವುದಿಲ್ಲ ಎಂದಳು ವಿಭಾ. ಬರುವುದು ಬೇಡ, ಕಂಡದ್ದು ಕಂಡಂತೆ ಹೇಳು, ಒಂದನ್ನೂ ಬಿಡಬೇಡ ಎಂದಳು ಇಂದ್ರವ್ವ. ವಿಭಾ ತಡವರಿಸುತ್ತ ಶುರುಮಾಡಿದಳು. ಎಡಗೈ ಮುಷ್ಟಿ ಮಾಡಿ ಹಣೆಗೆ ಹಚ್ಚಿದರು. ಈಗ ನಿಮ್ಮ ಕಡೆ ತೋರಿಸಿದರು, ಹೆಬ್ಬೆರಳಿನಿಂದ. ಮತ್ತೆ ಮುಷ್ಟಿ. ಇಂದ್ರವ್ವ ನಡುವೆ ಬಾಯಿ ಹಾಕಿ ಹುಬ್ಬು ಹೇಗಿವೆ ಎಂದು ಕೇಳಿದಳು. ಎರಡೂ ಕೂಡಿವೆ ಎಂದಳು ವಿಭಾ. ತುಟಿ? ಕೆಳತುಟಿ ಮುಂದಕ್ಕೆ ಬಂದಿದೆ. ಈಗ ಪಟ್ಟಿ ಕಟ್ಟಿದ ಕೈ ಮೇಲೆತ್ತಿದ್ದಾರೆ. ಅದನ್ನು ಅಗಲಕ್ಕೆ ಸುತ್ತಿಸುತ್ತಿದ್ದಾರೆ, ಗೋಡೆಯಾಚೆ ಇರುವವರನ್ನೆಲ್ಲ ತೋರಿಸುವ ಹಾಗೆ. ಒಂದು, ಮತ್ತೊಂದು, ಮಗದೊಂದು. ಪ್ರತಿ ಸಲವೂ ಕೈ ಮುರಿದಂತೆ ಕೆಳಗೆ ಬಿಡುತ್ತಾರೆ.

ವಿಭಾಳ ದನಿ ಬರುಬರುತ್ತ ತಡವರಿಕೆ ಬಿಟ್ಟು ನೆಟ್ಟಗಾಯಿತು. ಅವಳೀಗ ಕಣ್ಣು ಕೀಳದೆ ನೋಡುತ್ತಿದ್ದಳು. ಇಂದ್ರವ್ವ ಕತ್ತು ಬಾಗಿಸಿ ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ಅವಳ ಹೆಬ್ಬೆರಳು ಮೇಜಿನಿಂದ ಹಿಂದಕ್ಕೆ ಬಂತು.

"ನಿನಗೊಬ್ಬಾಕಿಗೆ ಕೊಟ್ರ, ಇನ್ನೊಂದು ಮನ್ಯಾಗ ಇನ್ನೊಬ್ಬಾಕಿ ಕೈ ಮುರೀತೈತಿ ಅನ್ನಾಕತ್ತಾಳ," ಎಂದಳು ದೇಸಾಯಿಯವರ ಕಡೆಗೆ ತಿರುಗಿ. "ಎಲ್ಲಾರಿಗೂ ತಗೀರಿ. ಇಲ್ಲಾಂದ್ರ ಈ ಅಂಗಿ ನೀವ ಇಟ್ಕೋರಿ, ನಾಳಿಂದ ನಾ ಓಣಿ ಓಣಿ ಹೋಗಿ ಹೇಳಾಕಿ."

ದೇಸಾಯಿ ಎದ್ದು ನಿಂತರು. ಇಷ್ಟು ದೊಡ್ಡ ನಿರ್ಧಾರ ಹೀಗೆ ಕೂತಲ್ಲೇ ಆಗುವುದಿಲ್ಲ, ಸಮಿತಿಗೆ ಬರೆಯಬೇಕು, ಆರು ತಿಂಗಳಾದರೂ ಬೇಕು ಎಂದರು. ಕೈಗಡಿಯಾರ ನೋಡಿಕೊಂಡು, ಸಾಕು ವಿಭಾ, ಮೀಟಿಂಗ್ ಮುಗಿಯಿತು, ಇವರನ್ನು ಕೆಳಗೆ ಬಿಟ್ಟು ಬಾ ಎಂದರು. ಅವರ ಬೂಟಿನ ಸದ್ದು ಬಾಗಿಲ ಕಡೆಗೆ ಹೋಯಿತು.

ವಿಭಾ ಕದಲಲಿಲ್ಲ. ಈಗ ಎಡಗೈ ಎದೆಗೆ ಬಂತು, ಅಂಗೈ ಹೊರಗೆ ತಿರುಗಿತು, ಬೆರಳು ಬಿಚ್ಚಿದವು ಎಂದು ಅದೇ ದನಿಯಲ್ಲಿ ಹೇಳುತ್ತಲೇ ಇದ್ದಳು. ಬೂಟಿನ ಸದ್ದು ನಿಂತಿತು. ದೇಸಾಯಿ ಇನ್ನೊಮ್ಮೆ ಅವಳ ಹೆಸರು ಹಿಡಿದು ಕರೆದರು, ಈ ಸಲ ಗಡುಸಾಗಿ.

"ಅವರಿನ್ನೂ ಮಾತಾಡ್ಲಿಕ್ಕತ್ತಾರ, ಸರ್," ಎಂದಳು ವಿಭಾ.

ಬಳೆಗಳು ಸದ್ದು ಮಾಡುತ್ತಲೇ ಇದ್ದವು. ಆಮೇಲೆ ಬೂಟುಗಳು ತಿರುಗಿ ಬಂದವು, ಕುರ್ಚಿ ಎಳೆದ ಸದ್ದಾಯಿತು, ದೇಸಾಯಿ ಕೂತರು. ಮುಂದೇನು ಹೇಳುತ್ತಾಳೆ ನೋಡು ಎಂದು ಇಂದ್ರವ್ವ ವಿಭಾಳಿಗೆ ಹೇಳಿದಳು.